ಕಣ್ಣಿಗೆ ಕಾಣದ ಮಿಲಿಗ್ರಾಂ

ಬೇಸಗೆಯ ಒಂದು ಮಧ್ಯಾಹ್ನ ಪದವಿ ತರಗತಿಯ ವಿದ್ಯಾರ್ಥಿಯೊಬ್ಬನು ನಮ್ಮ ಪ್ರಯೋಗಶಾಲೆಗೆ ಬಂದು ಮೇಜಿನ ಮೇಲೆ ಮೂರು ಬಾಟಲಿಗಳನ್ನು ಇಟ್ಟನು. ಒಂದರಲ್ಲಿ ಬಳ್ಳಾರಿ ನಗರದ ನಲ್ಲಿಯ ನೀರು. ಇನ್ನೊಂದರಲ್ಲಿ ಸಿರುಗುಪ್ಪದ ಬಳಿ ತುಂಗಭದ್ರಾ ನದಿಯಿಂದ ತುಂಬಿಕೊಂಡ ನೀರು. ಮೂರನೆಯದರಲ್ಲಿ ಕುರುಗೋಡಿನ ಕಡೆಯ ತನ್ನ ಹಳ್ಳಿಯ ಕೊಳವೆಬಾವಿಯ ನೀರು. ನದಿಯ ನೀರು ತುಸು ಬಗ್ಗಡವಾಗಿತ್ತು. ನಲ್ಲಿಯ ನೀರಿಗೆ ಕ್ಲೋರಿನ್ನಿನ ವಾಸನೆಯಿತ್ತು. ಕೊಳವೆಬಾವಿಯ ನೀರಾದರೋ ಸ್ಫಟಿಕದಂತೆ ತಿಳಿಯಾಗಿತ್ತು.

"ಸರ್, ನಮ್ಮ ಬೋರಿನ ನೀರೇ ಎಲ್ಲಕ್ಕಿಂತ ಚೆನ್ನಾಗಿದೆ. ಆದರೂ ನನ್ನ ತಂಗಿಯ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳು ಎದ್ದಿವೆ. ಸರಿಯಾಗಿ ಹಲ್ಲುಜ್ಜುವುದಿಲ್ಲವೆಂದು ಮನೆಯಲ್ಲಿ ಅವಳನ್ನೇ ಬೈಯುತ್ತಾರೆ. ತಪ್ಪು ಅವಳದೋ, ನೀರಿನದೋ?" ಎಂದು ಅವನು ಕೇಳಿದನು.

ಪ್ರಶ್ನೆಯು ಸರಳವಾಗಿಯೇ ಇದೆ. ಆದರೆ ಇದಕ್ಕೆ ಕಣ್ಣು, ಮೂಗು, ನಾಲಿಗೆಗಳಲ್ಲಿ ಯಾವುದೂ ಉತ್ತರವನ್ನು ಕೊಡಲಾರದು. ಒಂದು ಪದಾರ್ಥದಲ್ಲಿ ಏನಿದೆ, ಎಷ್ಟಿದೆ ಎಂಬುದನ್ನು ಕಂಡುಹಿಡಿಯುವ ಶಾಸ್ತ್ರಕ್ಕೆ ವಿಶ್ಲೇಷಣ ರಸಾಯನಶಾಸ್ತ್ರವೆಂದು ಹೆಸರು. ಆ ಶಾಸ್ತ್ರವು ಹೇಗೆ ಕೆಲಸ ಮಾಡುತ್ತದೆ, ಅದರ ಉತ್ತರವನ್ನು ನಾವು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಈ ಮೂರು ಬಾಟಲಿಗಳನ್ನೇ ಎದುರಿಗಿಟ್ಟುಕೊಂಡು ವಿಚಾರಿಸೋಣ.

ತಿಳಿನೀರಿನಲ್ಲಿ ಅಡಗಿರುವುದೇನು?

ವಿದ್ಯಾರ್ಥಿಯು ಹೇಳಿದ ಕಂದು ಗೆರೆಗಳು ಮೊದಲು ನಮಗೆ ನೆನಪಿಗೆ ತರುವುದು ಫ್ಲೋರೈಡನ್ನು. ಫ್ಲೋರಿನ್ ಎಂಬ ಮೂಲವಸ್ತುವಿನ ಪರಮಾಣು ಒಂದು ಎಲೆಕ್ಟ್ರಾನನ್ನು ಪಡೆದು ಅಯಾನಾದಾಗ ಅದನ್ನು ಫ್ಲೋರೈಡು ಎನ್ನುತ್ತೇವೆ. ಭೂಮಿಯೊಳಗೆ ಅದು ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕ ಮುಂತಾದ ಖನಿಜಗಳಲ್ಲಿ ನೆಲೆಸಿರುತ್ತದೆ. ಗ್ರಾನೈಟ್ ಶಿಲೆಯಲ್ಲಿ ಈ ಖನಿಜಗಳು ಸಾಮಾನ್ಯ. ಬಳ್ಳಾರಿಯ ಕೋಟೆಯನ್ನು ಹೊತ್ತಿರುವ ಗುಡ್ಡವಾಗಲಿ, ಕುರುಗೋಡಿನ ಬೆಟ್ಟಗಳಾಗಲಿ ಗ್ರಾನೈಟಿನವೇ ಎಂಬುದನ್ನು ಇಲ್ಲಿಯವರಿಗೆ ಬೇರೆ ಹೇಳಬೇಕಾಗಿಲ್ಲ.

ಮಳೆಯ ನೀರು ಬಂಡೆಯ ಬಿರುಕುಗಳಲ್ಲಿ ಇಳಿದು ಬಹುಕಾಲ ಅಲ್ಲಿಯೇ ನಿಂತರೆ ಈ ಖನಿಜಗಳು ಸ್ವಲ್ಪ ಸ್ವಲ್ಪವಾಗಿ ಕರಗುವುವು. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿದ್ದರೆ ಅದು ಫ್ಲೋರೈಡಿನೊಡನೆ ಸೇರಿ ಕ್ಯಾಲ್ಸಿಯಂ ಫ್ಲೋರೈಡಾಗಿ ತಳಕ್ಕೆ ಇಳಿಯುವುದು. ಆಗ ನೀರಿನಲ್ಲಿ ಫ್ಲೋರೈಡು ಬಹಳ ಏರಲಾರದು. ಆದರೆ ಮಳೆ ಕಡಿಮೆಯಾದ ಸೀಮೆಯಲ್ಲಿ, ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಾಗಿ ಕ್ಯಾಲ್ಸಿಯಂ ಕಡಿಮೆಯಾದ ಕ್ಷಾರಗುಣದ ನೀರಿನಲ್ಲಿ, ಆ ತಡೆ ಇರುವುದಿಲ್ಲ. ಇಂಥ ನೀರು ಅನೇಕ ವೇಳೆ ಮೆದುವಾಗಿ, ಬೇಳೆ ಬೇಯಿಸುವುದಕ್ಕೆ ಅನುಕೂಲವಾಗಿಯೂ ಇರುವುದರಿಂದ ಅದರ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ನದಿಯ ನೀರಿನ ಸಂಗತಿ ಬೇರೆ. ಅದು ಬಂಡೆಯ ಮೇಲೆ ಹರಿದುಹೋಗುತ್ತದೆಯೇ ಹೊರತು ಬಂಡೆಯೊಳಗೆ ವರ್ಷಗಟ್ಟಲೆ ನಿಲ್ಲುವುದಿಲ್ಲ. ಆದುದರಿಂದ ನದಿ, ಕಾಲುವೆಗಳ ನೀರಿನಲ್ಲಿ ಫ್ಲೋರೈಡು ಸಾಮಾನ್ಯವಾಗಿ ಕಡಿಮೆ. ಆದರೆ ರೋಗಾಣುಗಳನ್ನು ಕೊಲ್ಲದೆ ಅದನ್ನು ಕುಡಿಯುವಂತಿಲ್ಲ ಎಂಬುದನ್ನು ಮರೆಯಬಾರದು.

ನಮ್ಮ ಜಿಲ್ಲೆಯು ಅಂತರ್ಜಲದಲ್ಲಿ ಫ್ಲೋರೈಡು ಮಿತಿಮೀರಿದ ಸ್ಥಳಗಳುಳ್ಳ ಕರ್ನಾಟಕದ ಜಿಲ್ಲೆಗಳಲ್ಲಿ ಒಂದು. ಆದರೆ ಎಲ್ಲ ಕೊಳವೆಬಾವಿಗಳೂ ಹಾಗೆಂದು ತಿಳಿಯಕೂಡದು. ಒಂದೇ ಊರಿನ ಎರಡು ಬಾವಿಗಳಲ್ಲಿ ಒಂದು ನಿರಪಾಯವಾಗಿ, ಇನ್ನೊಂದು ಮಿತಿಮೀರಿ ಇರುವುದುಂಟು. ಆದುದರಿಂದಲೇ ಪ್ರತಿಯೊಂದು ಬಾವಿಯನ್ನೂ ಅಳೆಯಬೇಕು.

ಅಳೆಯುವುದು ಎಷ್ಟನ್ನು? ಭಾರತೀಯ ಮಾನಕ ಸಂಸ್ಥೆಯು ಕುಡಿಯುವ ನೀರಿಗೆ 2012ರಲ್ಲಿ ಪರಿಷ್ಕರಿಸಿದ ಮಾನಕದಂತೆ ಒಂದು ಲೀಟರಿನಲ್ಲಿ 1 ಮಿಲಿಗ್ರಾಂ ಫ್ಲೋರೈಡು ಇರಬಹುದು. ಬೇರೆ ಯಾವ ನೀರೂ ದೊರೆಯದಿದ್ದಾಗ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಒಂದು ಲೀಟರು ನೀರಿನ ತೂಕ ಹತ್ತು ಲಕ್ಷ ಮಿಲಿಗ್ರಾಂ. ಅಂದರೆ ನಾವು ಹುಡುಕುವುದು ಹತ್ತು ಲಕ್ಷದಲ್ಲಿ ಒಂದು ಭಾಗವನ್ನು. ಸಿರುಗುಪ್ಪದ ಗಿರಣಿಯಿಂದ 20 ಕಿಲೋಗ್ರಾಂ ಅಕ್ಕಿಯನ್ನು ತಂದಿದ್ದೇವೆಂದು ಭಾವಿಸಿ. ಒಂದು ಕಾಳು ಸುಮಾರು 20 ಮಿಲಿಗ್ರಾಂ ತೂಗುವುದೆಂದು ಇಟ್ಟುಕೊಂಡರೆ ಆ ಚೀಲದಲ್ಲಿ ಹತ್ತು ಲಕ್ಷ ಕಾಳುಗಳಿರುತ್ತವೆ. ಅದರಲ್ಲಿ ಒಂದು ಕಾಳನ್ನು ಹುಡುಕಿ ತೆಗೆಯುವುದು ಮಾತ್ರವಲ್ಲ, ಅಂಥವು ಒಂದಿವೆಯೋ, ಒಂದೂವರೆಯಷ್ಟಿವೆಯೋ, ಎರಡಿವೆಯೋ ಎಂದು ನಿರ್ಣಯಿಸುವುದೇ ವಿಶ್ಲೇಷಕನ ಕೆಲಸ.

ಬಾಕ್ಸೈಟ್ ಎಂಬ ಊರಿನ ಕಥೆ

ಈ ವಿಷಯವು ಬೆಳಕಿಗೆ ಬಂದ ಇತಿಹಾಸವು ನಮಗೆ ಒಳ್ಳೆಯ ಪಾಠವಾಗಿದೆ. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯನು ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದಾಗ, ಅಲ್ಲಿ ಹುಟ್ಟಿ ಬೆಳೆದ ಅನೇಕರ ಹಲ್ಲುಗಳ ಮೇಲೆ ಕಂದು ಕಲೆಗಳಿರುವುದನ್ನು ಕಂಡನು. ಕಾರಣವನ್ನು ಹುಡುಕುತ್ತ ಅವನು ಸುಮಾರು ಮೂವತ್ತು ವರ್ಷಗಳನ್ನು ಕಳೆದನು. ನೀರಿನಲ್ಲಿಯೇ ಏನೋ ಇದೆ ಎಂಬ ಸಂಶಯವು ಬಲವಾಯಿತು. ಆದರೆ ನೀರಿನ ಪರೀಕ್ಷೆಗಳಲ್ಲಿ ಯಾವ ದೋಷವೂ ಕಾಣಲಿಲ್ಲ.

ಕೊನೆಗೆ ಸುಳಿವು ದೊರೆತದ್ದು ಆರ್ಕನ್ಸಾ ಸಂಸ್ಥಾನದ ಬಾಕ್ಸೈಟ್ ಎಂಬ ಗಣಿಯ ಊರಿನಲ್ಲಿ. ಆ ಊರಿನವರು 1909ರಲ್ಲಿ ಹಳೆಯ ನೀರನ್ನು ಬಿಟ್ಟು ಆಳವಾದ ಬಾವಿಗಳ ನೀರನ್ನು ಬಳಸಲು ತೊಡಗಿದ್ದರು. ಅದಾದ ಮೇಲೆ ಅಲ್ಲಿ ಬೆಳೆದ ಮಕ್ಕಳ ಹಲ್ಲುಗಳಲ್ಲಿ ಕಲೆಗಳು ಕಂಡುಬಂದವು. ಅಲ್ಯೂಮಿನಿಯಂ ಕಂಪನಿಯೊಂದರ ಮುಖ್ಯ ರಸಾಯನಶಾಸ್ತ್ರಜ್ಞನಾಗಿದ್ದ ಎಚ್. ವಿ. ಚರ್ಚಿಲ್ ಎಂಬಾತನು ಆ ನೀರನ್ನು ರೋಹಿತದರ್ಶಕದಿಂದ ಪರೀಕ್ಷೆ ಮಾಡಿಸಿದನು. ಸಾಮಾನ್ಯ ಪರೀಕ್ಷೆಯಲ್ಲಿ ಯಾರೂ ಹುಡುಕದೆ ಇದ್ದ ಫ್ಲೋರೈಡು ಅದರಲ್ಲಿ ಕಾಣಿಸಿಕೊಂಡಿತು, ಲೀಟರಿಗೆ 13.7 ಮಿಲಿಗ್ರಾಂ! 1931ರಲ್ಲಿ ಈ ಸಂಗತಿಯು ಪ್ರಕಟವಾಯಿತು. ಕಲೆಹಲ್ಲಿನ ಇತರ ಊರುಗಳ ನೀರನ್ನು ತರಿಸಿ ನೋಡಿದಾಗ ಅವುಗಳಲ್ಲಿಯೂ ಫ್ಲೋರೈಡು ಇತ್ತು.

ಭಾರತದಲ್ಲಿ ಈ ರೋಗವನ್ನು ಮೊದಲು ವಿವರಿಸಿದವರು ಎಚ್. ಇ. ಶಾರ್ಟ್ ಮತ್ತು ಅವರ ಸಂಗಡಿಗರು. ಅವರ ಲೇಖನವು 1937ರಲ್ಲಿ ಹೊರಬಂದಿತು. ಅವರು ನೋಡಿದ ರೋಗಿಗಳು ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯವರು. ಬಳ್ಳಾರಿ ಜಿಲ್ಲೆಯೂ ಆಗ ಅದೇ ಪ್ರಾಂತಕ್ಕೆ ಸೇರಿತ್ತು. ಹಲ್ಲಿನ ಕಲೆ ಮಾತ್ರವಲ್ಲದೆ, ಬೆನ್ನು ಬಗ್ಗದಂತೆ, ಕೀಲುಗಳು ಮಡಿಸದಂತೆ ಮೂಳೆಗಳು ಬಿರುಸಾಗುವುದನ್ನೂ ಅವರು ದಾಖಲೆ ಮಾಡಿದರು.

ಇದರಿಂದ ತಿಳಿಯುವುದೇನು? ನೀರನ್ನು ಪರೀಕ್ಷಿಸಲಾಗಿದೆ ಎಂಬ ಮಾತಿಗೆ ತಾನಾಗಿ ಅರ್ಥವಿಲ್ಲ. ಯಾವುದಕ್ಕಾಗಿ ಪರೀಕ್ಷಿಸಿದರು ಎಂದು ಕೇಳಬೇಕು. ಕೇಳದ ಪ್ರಶ್ನೆಗೆ ಯಾವ ಉಪಕರಣವೂ ಉತ್ತರ ಕೊಡುವುದಿಲ್ಲ.

ಮಾಸುವ ಬಣ್ಣ

ಈಗ ಫ್ಲೋರೈಡನ್ನು ಅಳೆಯುವ ರೀತಿಯನ್ನು ನೋಡೋಣ. ಸೋಡಿಯಮ್ಮಿನ ಲವಣವನ್ನು ಜ್ವಾಲೆಯಲ್ಲಿ ಹಿಡಿದರೆ ಹಳದಿ ಬೆಳಕು ಬರುವುದನ್ನು ನೀವು ಪ್ರಯೋಗಶಾಲೆಯಲ್ಲಿ ನೋಡಿರುತ್ತೀರಿ. ಆಸ್ಪತ್ರೆಗಳಲ್ಲಿ ರಕ್ತದ ಸೋಡಿಯಂ, ಪೊಟ್ಯಾಸಿಯಂಗಳನ್ನು ಬಹುಕಾಲ ಈ ಜ್ವಾಲೆಯ ಬೆಳಕಿನಿಂದಲೇ ಅಳೆಯುತ್ತಿದ್ದರು. ಫ್ಲೋರಿನ್ ಈ ಉಪಾಯಕ್ಕೆ ಒಗ್ಗುವುದಿಲ್ಲ. ಅದರ ಮುಖ್ಯ ರೋಹಿತರೇಖೆಗಳು ಗಾಳಿಯೇ ಹೀರಿಕೊಳ್ಳುವಷ್ಟು ದೂರದ ಅತಿನೇರಿಳೆಯಲ್ಲಿವೆ. ಜ್ವಾಲೆಯ ಶಾಖವೂ ಅವನ್ನು ಹೊರಡಿಸಲು ಸಾಲದು. ಆದುದರಿಂದ ರಸಾಯನಶಾಸ್ತ್ರಜ್ಞರು ಸುತ್ತುದಾರಿಯೊಂದನ್ನು ಹಿಡಿದರು.

ಜಿರ್ಕೋನಿಯಂ ಎಂಬ ಲೋಹದ ಅಯಾನು ಕೆಲವು ವರ್ಣದ್ರವ್ಯಗಳೊಡನೆ ಸೇರಿ ಕೆಂಪು ಸಂಯುಕ್ತವನ್ನು ಉಂಟುಮಾಡುವುದು. ಇದಕ್ಕೆ ಫ್ಲೋರೈಡುಳ್ಳ ನೀರನ್ನು ಬೆರೆಸಿದರೆ, ಜಿರ್ಕೋನಿಯಂ ವರ್ಣದ್ರವ್ಯವನ್ನು ಬಿಟ್ಟು ಫ್ಲೋರೈಡಿನ ಜೊತೆಗೂಡುವುದು. ಏಕೆಂದರೆ ಆ ಬಂಧವು ಹೆಚ್ಚು ಬಲವಾದುದು. ಕೆಂಪು ಬಣ್ಣವು ಮಾಸುವುದು. ಎಷ್ಟು ಹೆಚ್ಚು ಫ್ಲೋರೈಡೋ ಅಷ್ಟು ಹೆಚ್ಚು ಮಾಸುವಿಕೆ. ಸ್ಪಾಡ್ನ್ಸ್ ಎಂಬ ವರ್ಣದ್ರವ್ಯವನ್ನು ಬಳಸುವ ವಿಧಾನವು 1958ರಲ್ಲಿ ಬಂದಿತು; ಅದು ಇಂದಿಗೂ ಬಳಕೆಯಲ್ಲಿದೆ.

ಬಣ್ಣ ಎಷ್ಟು ಮಾಸಿತು ಎಂಬುದನ್ನು ಕಣ್ಣಳತೆಗೆ ಬಿಡದೆ ಅಂಕಿಯಲ್ಲಿ ಹೇಳುವುದು ಹೇಗೆ? ಇಲ್ಲಿ ಭೌತಶಾಸ್ತ್ರವು ನೆರವಿಗೆ ಬರುವುದು. ಬಣ್ಣದ ದ್ರಾವಣದ ಒಂದು ಪದರವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಅರ್ಧವನ್ನು ಹೀರಿಕೊಂಡು ಅರ್ಧವನ್ನು ಬಿಡುವುದೆಂದು ಇಟ್ಟುಕೊಳ್ಳಿ. ಅದರ ಹಿಂದೆ ಅಷ್ಟೇ ದಪ್ಪದ ಇನ್ನೊಂದು ಪದರವಿದ್ದರೆ ಅದು ಉಳಿದ ಅರ್ಧದಲ್ಲಿ ಅರ್ಧವನ್ನು, ಅಂದರೆ ಕಾಲುಭಾಗವನ್ನು ಹೊರಬಿಡುವುದು. ಮೂರನೆಯದು ಎಂಟನೆಯ ಒಂದು ಭಾಗವನ್ನು. ಪದರಗಳು ಕೂಡುತ್ತ ಹೋದಂತೆ ಬೆಳಕು ಭಾಗಿಸುತ್ತ ಹೋಗುವುದು. ಲಾಗರಿತಮ್ ತೆಗೆದುಕೊಂಡರೆ ಈ ಭಾಗಾಕಾರವು ಸರಳವಾದ ಕಳೆಯುವಿಕೆಯಾಗುವುದು. ಪದರವನ್ನು ದಪ್ಪಮಾಡಿದರೂ ಒಂದೇ, ಅದೇ ದಪ್ಪದಲ್ಲಿ ಬಣ್ಣದ ಅಣುಗಳನ್ನು ಹೆಚ್ಚಿಸಿದರೂ ಒಂದೇ. ಒಳಹೋದ ಬೆಳಕಿಗೂ ಹೊರಬಂದ ಬೆಳಕಿಗೂ ಇರುವ ನಿಷ್ಪತ್ತಿಯ ಲಾಗರಿತಮ್ಮಿಗೆ 'ಹೀರಿಕೆ' ಎಂದು ಹೆಸರಿಟ್ಟರೆ, ಹೀರಿಕೆಯು ಬಣ್ಣದ ಸಾರತೆಗೆ ನೇರ ಪ್ರಮಾಣದಲ್ಲಿರುವುದು. ಬುಗೇರ್ 1729ರಲ್ಲಿಯೂ, ಲ್ಯಾಂಬರ್ಟ್ 1760ರಲ್ಲಿಯೂ, ಬಿಯರ್ 1852ರಲ್ಲಿಯೂ ಈ ನಿಯಮದ ಒಂದೊಂದು ಭಾಗವನ್ನು ಹೇಳಿದರು.

ಲೆಕ್ಕವೊಂದನ್ನು ಮಾಡಿ ನೋಡೋಣ. ಮುಂದೆ ಬರುವ ಅಂಕಿಗಳೆಲ್ಲ ವಿವರಣೆಗಾಗಿ ತೆಗೆದುಕೊಂಡವೇ ಹೊರತು ಯಾವ ಊರಿನ ನೀರಿನವೂ ಅಲ್ಲ. ಮೊದಲು 221 ಮಿಲಿಗ್ರಾಂ ಶುದ್ಧ ಸೋಡಿಯಂ ಫ್ಲೋರೈಡನ್ನು ಒಂದು ಲೀಟರು ಬಟ್ಟಿನೀರಿನಲ್ಲಿ ಕರಗಿಸಬೇಕು. ಇದರಲ್ಲಿ ಫ್ಲೋರೈಡಿನ ಪಾಲು 100 ಮಿಲಿಗ್ರಾಂ. ಇದನ್ನು ತಕ್ಕಂತೆ ತೆಳುಮಾಡಿ ಲೀಟರಿಗೆ 0, 0.4, 0.8, 1.2 ಮಿಲಿಗ್ರಾಂ ಇರುವ ನಾಲ್ಕು ಪ್ರಮಾಣ ದ್ರಾವಣಗಳನ್ನು ಸಿದ್ಧಮಾಡುವೆವು. ಎಲ್ಲಕ್ಕೂ ಒಂದೇ ಅಳತೆಯ ಬಣ್ಣವನ್ನು ಬೆರೆಸಿ, 570 ನ್ಯಾನೊಮೀಟರ್ ತರಂಗದೂರದ ಬೆಳಕಿನಲ್ಲಿ ನೋಡಿದಾಗ ಹೀರಿಕೆಯು ಕ್ರಮವಾಗಿ 0.80, 0.72, 0.64, 0.56 ಎಂದು ಬಂದಿತೆನ್ನೋಣ. ನಕ್ಷೆಯ ಕಾಗದದ ಮೇಲೆ ಇವು ಒಂದೇ ಸರಳರೇಖೆಯ ಮೇಲೆ ಕೂಡುವುವು. ಪರೀಕ್ಷೆಯ ನೀರಿನ ಹೀರಿಕೆಯು 0.60 ಆದರೆ ರೇಖೆಯಿಂದ ಲೀಟರಿಗೆ 1.0 ಮಿಲಿಗ್ರಾಂ ಎಂದು ಓದಿಕೊಳ್ಳಬಹುದು.

ಇನ್ನೊಂದು ಬಾವಿಯ ನೀರು ರೇಖೆಯ ಕೊನೆಯನ್ನೂ ದಾಟಿ ಬಣ್ಣವನ್ನು ಮಾಸಿಸಿತೆನ್ನಿ. ರೇಖೆಯನ್ನು ಊಹೆಯಿಂದ ಮುಂದಕ್ಕೆ ಎಳೆಯಕೂಡದು. ಒಂದು ಭಾಗ ನೀರಿಗೆ ಮೂರು ಭಾಗ ಬಟ್ಟಿನೀರನ್ನು ಬೆರೆಸಿ ಮತ್ತೆ ಅಳೆಯಬೇಕು. ಆಗ 0.66 ಬಂದರೆ ರೇಖೆಯಂತೆ 0.7 ಮಿಲಿಗ್ರಾಂ; ನಾಲ್ಕರಿಂದ ಗುಣಿಸಿದರೆ ಮೂಲ ನೀರಿನಲ್ಲಿ 2.8 ಮಿಲಿಗ್ರಾಂ. ಅದು ಮಿತಿಯನ್ನು ಮೀರಿದ ನೀರು.

ಬಣ್ಣವು ಮೋಸಮಾಡುವ ಸಂದರ್ಭಗಳು

ಇಲ್ಲಿ ಎಚ್ಚರಿಕೆ ಅಗತ್ಯ. ಬಣ್ಣ ಮಾಸಲು ಫ್ಲೋರೈಡೊಂದೇ ಕಾರಣವಲ್ಲ. ಬಳ್ಳಾರಿಯ ನಲ್ಲಿಯ ನೀರಿನಲ್ಲಿರುವಂಥ ಕ್ಲೋರಿನ್ ಕೂಡ ವರ್ಣದ್ರವ್ಯವನ್ನು ಬಿಳಿಚಿಸಬಲ್ಲುದು. ಅದನ್ನು ಮೊದಲೇ ಕಳೆಯದಿದ್ದರೆ ಇಲ್ಲದ ಫ್ಲೋರೈಡು ಇದ್ದಂತೆ ತೋರುವುದು. ಇದಕ್ಕೆ ವಿರುದ್ಧವಾಗಿ, ನೀರಿನಲ್ಲಿ ಅಲ್ಯೂಮಿನಿಯಂ ಇದ್ದರೆ ಅದು ಫ್ಲೋರೈಡನ್ನು ತಾನೇ ಹಿಡಿದಿಟ್ಟುಕೊಂಡು ಬಣ್ಣ ಮಾಸದಂತೆ ಮಾಡುವುದು. ಆಗ ಇರುವ ಫ್ಲೋರೈಡು ಇಲ್ಲದಂತೆ ತೋರುವುದು. ಮೊದಲನೆಯ ತಪ್ಪಿನಿಂದ ಒಳ್ಳೆಯ ಬಾವಿಯನ್ನು ಮುಚ್ಚಿಸಿಬಿಡಬಹುದು. ಎರಡನೆಯದರಿಂದ ಕೆಟ್ಟ ಬಾವಿಯ ನೀರನ್ನು ಮಕ್ಕಳಿಗೆ ಕುಡಿಸಬಹುದು.

ಆಹಾರದ ಪರೀಕ್ಷೆಯಲ್ಲಿಯೂ ಇದೇ ತೊಡಕು ಉಂಟು. ನಮ್ಮ ಸೀಮೆಯ ರೈತರಿಗೆ ಮೆಣಸಿನಕಾಯಿಯ ಕೆಂಪೇ ಬೆಲೆ. 2003ರಲ್ಲಿ ಯೂರೋಪಿನವರು ಭಾರತದಿಂದ ಹೋದ ಮೆಣಸಿನಪುಡಿಯ ಪದಾರ್ಥಗಳಲ್ಲಿ ಸುಡಾನ್ ಎಂಬ ಕೃತಕ ಬಣ್ಣವನ್ನು ಕಂಡುಹಿಡಿದರು. ಇದು ಬೂಟಿನ ಪಾಲಿಶ್, ಮೇಣ ಮುಂತಾದವುಗಳಿಗೆ ಹಾಕುವ ಬಣ್ಣವಾದುದರಿಂದ ಆಹಾರದಲ್ಲಿ ನಿಷಿದ್ಧ. ಪುಡಿ ಎಷ್ಟು ಕೆಂಪಾಗಿದೆ ಎಂದು ಅಳೆದರೆ ಇದು ಸಿಕ್ಕುವುದಿಲ್ಲ. ಏಕೆಂದರೆ ಕಾಯಿಯ ಸ್ವಂತ ಬಣ್ಣವೂ ಕೆಂಪೇ. ಮೊದಲು ವರ್ಣದ್ರವ್ಯಗಳನ್ನು ಒಂದರಿಂದೊಂದು ಬೇರ್ಪಡಿಸಿ, ಆಮೇಲೆ ಒಂದೊಂದನ್ನೂ ಗುರುತಿಸಬೇಕು. ಹೀಗೆ ಬೇರ್ಪಡಿಸುವ ಕ್ರಮಕ್ಕೆ ಕ್ರೊಮಟೋಗ್ರಫಿ ಎನ್ನುವರು. ಫ್ಲೋರೈಡಿನ ಪರೀಕ್ಷೆಯಲ್ಲಿಯೂ ಸಂಶಯ ಬಂದಾಗ ನೀರಿಗೆ ಆಮ್ಲವನ್ನು ಹಾಕಿ ಬಟ್ಟಿಯಿಳಿಸಿ, ಫ್ಲೋರೈಡನ್ನು ಮಾತ್ರ ಬೇರೆ ತೆಗೆದುಕೊಂಡು ಅಳೆಯುವುದುಂಟು.

ಹರಳಿನ ವಿದ್ಯುದ್ವಾರ

1966ರಲ್ಲಿ ಫ್ರಾಂಟ್ ಮತ್ತು ರಾಸ್ ಎಂಬವರು ಬಣ್ಣದ ಗೊಡವೆಯೇ ಇಲ್ಲದ ಇನ್ನೊಂದು ಉಪಾಯವನ್ನು ಪ್ರಕಟಿಸಿದರು. ಲ್ಯಾಂಥನಂ ಫ್ಲೋರೈಡಿನ ಒಂದು ಹರಳನ್ನು ಬಿಲ್ಲೆಯಾಗಿ ಕತ್ತರಿಸಿ ಕೊಳವೆಯೊಂದರ ತುದಿಗೆ ಅಂಟಿಸುವರು. ಈ ಹರಳಿನೊಳಗೆ ಅಲ್ಲಲ್ಲಿ ಫ್ಲೋರೈಡಿನ ಸ್ಥಾನಗಳು ಖಾಲಿ ಇರುತ್ತವೆ. ಪಕ್ಕದ ಫ್ಲೋರೈಡು ಖಾಲಿ ಸ್ಥಾನಕ್ಕೆ ಹಾರುವುದು. ಅದು ಬಿಟ್ಟ ಸ್ಥಾನಕ್ಕೆ ಇನ್ನೊಂದು ಬರುವುದು. ಹೀಗೆ ಹರಳಿನಲ್ಲಿ ವಿದ್ಯುತ್ತನ್ನು ಸಾಗಿಸುವುದು ಫ್ಲೋರೈಡು ಮಾತ್ರ. ಕ್ಲೋರೈಡು, ಸಲ್ಫೇಟುಗಳಿಗೆ ಅಲ್ಲಿ ಪ್ರವೇಶವಿಲ್ಲ. ಕೊಳವೆಯೊಳಗೆ ಫ್ಲೋರೈಡಿನ ಒಂದು ಗೊತ್ತಾದ ದ್ರಾವಣ, ಹೊರಗೆ ಪರೀಕ್ಷೆಯ ನೀರು. ಎರಡು ಕಡೆಯ ಸಾರತೆಗಳಿಗೆ ತಕ್ಕಂತೆ ಹರಳಿನ ಇಕ್ಕೆಲಗಳಲ್ಲಿ ವಿದ್ಯುದ್ವಿಭವದ ವ್ಯತ್ಯಾಸವು ಏರ್ಪಡುವುದು.

ನರ್ನ್‌ಸ್ಟ್ ಸೂತ್ರದಂತೆ, 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಫ್ಲೋರೈಡು ಹತ್ತರಷ್ಟಾದಾಗ ವಿಭವವು ಸುಮಾರು 59 ಮಿಲಿವೋಲ್ಟಿನಷ್ಟು ಇಳಿಯುವುದು. 1 ಮಿಲಿಗ್ರಾಮಿನ ಪ್ರಮಾಣ ದ್ರಾವಣವು 100 ಮಿಲಿವೋಲ್ಟನ್ನೂ, 10 ಮಿಲಿಗ್ರಾಮಿನದು 41 ಮಿಲಿವೋಲ್ಟನ್ನೂ ತೋರಿಸಿತೆನ್ನೋಣ. ಪರೀಕ್ಷೆಯ ನೀರು 82 ತೋರಿಸಿದರೆ ಇಳಿತವು 18. ಇದನ್ನು 59ರಿಂದ ಭಾಗಿಸಿದರೆ 0.305, ಅದು ಎರಡರ ಲಾಗರಿತಮ್ಮಿಗೆ ಬಹು ಹತ್ತಿರ. ಆದುದರಿಂದ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ. ಓದುವಾಗ ಒಂದೇ ಒಂದು ಮಿಲಿವೋಲ್ಟು ತಪ್ಪಿದರೆ ಉತ್ತರದಲ್ಲಿ ನೂರಕ್ಕೆ ನಾಲ್ಕು ಭಾಗ ತಪ್ಪುವುದು ಎಂಬುದನ್ನೂ ಇದೇ ಲೆಕ್ಕದಿಂದ ನೀವು ತಿಳಿಯಬಹುದು.

ಈ ವಿದ್ಯುದ್ವಾರಕ್ಕೂ ಮಿತಿಗಳಿವೆ. ನೀರು ಬಹಳ ಆಮ್ಲವಾಗಿದ್ದರೆ ಫ್ಲೋರೈಡು ಹೈಡ್ರೋಜನ್ನಿನೊಡನೆ ಕೂಡಿ ಮರೆಯಾಗುವುದು. ಬಹಳ ಕ್ಷಾರವಾಗಿದ್ದರೆ ಹೈಡ್ರಾಕ್ಸೈಡು ಅಯಾನುಗಳು ಹರಳನ್ನು ಮೋಸಗೊಳಿಸುವುವು. ಆದುದರಿಂದ ಪ್ರಮಾಣ ದ್ರಾವಣಗಳಿಗೂ ಪರೀಕ್ಷೆಯ ನೀರಿಗೂ ಒಂದೇ ಅಳತೆಯಲ್ಲಿ ಒಂದು ಮಿಶ್ರಣವನ್ನು ಸೇರಿಸುವರು. ಅದು ಆಮ್ಲತೆಯನ್ನು ಹಿತಮಿತದಲ್ಲಿಟ್ಟು, ಲವಣಾಂಶವನ್ನು ಎಲ್ಲದರಲ್ಲಿಯೂ ಸಮಮಾಡಿ, ಅಲ್ಯೂಮಿನಿಯಂ ಹಿಡಿದುಕೊಂಡಿದ್ದ ಫ್ಲೋರೈಡನ್ನು ಬಿಡಿಸುವುದು.

ಅನ್ನ, ಚಹಾ, ಮೂತ್ರ

ಫ್ಲೋರೈಡು ದೇಹವನ್ನು ಸೇರುವುದು ಕುಡಿಯುವ ನೀರಿನಿಂದ ಮಾತ್ರವಲ್ಲ. ಲೀಟರಿಗೆ 2 ಮಿಲಿಗ್ರಾಂ ಇರುವ ಅರ್ಧ ಲೀಟರು ನೀರಿನಲ್ಲಿ ಅನ್ನವನ್ನು ಬಸಿಯದೆ ಬೇಯಿಸಿದರೆ 1 ಮಿಲಿಗ್ರಾಂ ಅನ್ನದಲ್ಲಿಯೇ ನಿಲ್ಲುವುದು. ಹಬೆಯಾಗಿ ಹೋಗುವುದು ನೀರೇ ಹೊರತು ಫ್ಲೋರೈಡಲ್ಲ. ಇದೇ ಕಾರಣದಿಂದ ನೀರನ್ನು ಕುದಿಸಿ ಫ್ಲೋರೈಡನ್ನು ಕಳೆಯಲಾಗದು. ಕುದಿಸಿದಷ್ಟೂ ಅದರ ಸಾರತೆ ಏರುವುದು. ಚಹಾದ ಗಿಡವು ಮಣ್ಣಿನಿಂದ ಫ್ಲೋರೈಡನ್ನು ಎಳೆದು ಎಲೆಗಳಲ್ಲಿ ಸಂಗ್ರಹಿಸುವ ಸ್ವಭಾವದ್ದು. ಒಳ್ಳೆಯ ನೀರಿನಲ್ಲಿ ಮಾಡಿದ ಚಹಾದಲ್ಲಿಯೂ ಲೀಟರಿಗೆ ಒಂದೆರಡು ಮಿಲಿಗ್ರಾಂ ಇರಬಹುದು.

ಆಹಾರದಲ್ಲಿ ಇದನ್ನು ಅಳೆಯಲು ಪದಾರ್ಥವನ್ನು ಸುಮ್ಮನೆ ಸುಟ್ಟು ಬೂದಿಮಾಡಿದರೆ ಫ್ಲೋರೈಡಿನ ಒಂದು ಭಾಗವು ಹೊಗೆಯೊಡನೆ ಹೊರಟುಹೋಗುವುದು. ಆದುದರಿಂದ ಕ್ಷಾರವನ್ನು ಬೆರೆಸಿ ಸುಡುವರು. ಫ್ಲೋರೈಡು ಬೂದಿಯಲ್ಲಿಯೇ ಉಳಿಯುವುದು. ಬೂದಿಯನ್ನು ಕರಗಿಸಿ ಹದಮಾಡಿ ವಿದ್ಯುದ್ವಾರದಿಂದ ಅಳೆಯುವರು.

ದೇಹವು ಎಷ್ಟು ಫ್ಲೋರೈಡನ್ನು ತೆಗೆದುಕೊಂಡಿದೆ ಎಂಬುದನ್ನು ವೈದ್ಯರು ಮೂತ್ರದ ಪರೀಕ್ಷೆಯಿಂದ ಅರಿಯುವರು. ವಯಸ್ಕರಲ್ಲಿ ಹೀರಲ್ಪಟ್ಟ ಫ್ಲೋರೈಡಿನ ಸುಮಾರು ಅರ್ಧಭಾಗವು ಮೂತ್ರದಲ್ಲಿ ಹೊರಹೋಗುವುದು. ಉಳಿದುದರಲ್ಲಿ ಹೆಚ್ಚಿನದು ಮೂಳೆಯನ್ನು ಸೇರುವುದು. ಬೆಳೆಯುವ ಮಕ್ಕಳ ಮೂಳೆಗಳು ಇನ್ನೂ ಹೆಚ್ಚನ್ನು ಉಳಿಸಿಕೊಳ್ಳುವುವು. ಆದರೆ ಹೊಲದಲ್ಲಿ ಬೆವರಿ ಬಂದವನ ಮೂತ್ರವು ಗಟ್ಟಿಯಾಗಿಯೂ, ಹೊಟ್ಟೆತುಂಬ ನೀರು ಕುಡಿದವನದು ತೆಳುವಾಗಿಯೂ ಇರುವುದರಿಂದ ಒಂದು ಹೊತ್ತಿನ ಮೂತ್ರದ ಅಂಕಿಯನ್ನು ಹಾಗೆಯೇ ನಂಬಲಾಗದು. ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನು ಕೂಡಿಸಬೇಕು, ಇಲ್ಲವೆ ಕ್ರಿಯಾಟಿನಿನ್ ಎಂಬ ವಸ್ತುವಿನೊಡನೆ ಹೋಲಿಸಿ ಹೇಳಬೇಕು.

ಬಾಟಲಿಯಿಂದಲೇ ಪರೀಕ್ಷೆಯ ಆರಂಭ

ಇಷ್ಟನ್ನು ತಿಳಿದ ಮೇಲೆ ವಿದ್ಯಾರ್ಥಿಯ ಮೂರು ಬಾಟಲಿಗಳಿಗೆ ಹಿಂದಿರುಗೋಣ. ಅವನ್ನು ನಾನು ಪರೀಕ್ಷೆಗೆ ಕಳುಹಿಸಲಿಲ್ಲ. ಒಂದು ಉಪ್ಪಿನಕಾಯಿಯ ಬಾಟಲಿ. ಇನ್ನೊಂದು ಔಷಧದ ಗಾಜಿನ ಸೀಸೆ. ಮೂರರ ಮೇಲೂ ಚೀಟಿಯಿರಲಿಲ್ಲ. ಕೊಳವೆಬಾವಿಯ ನೀರನ್ನು ಪಂಪು ಹಾಕಿದ ಕೂಡಲೆ ಹಿಡಿದಿದ್ದನಂತೆ. ಹಾಗೆ ಬಂದ ನೀರು ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತದ್ದು, ಬಂಡೆಯೊಳಗಿನದಲ್ಲ. ಇಂಥ ನೀರನ್ನು ಎಷ್ಟು ಬೆಲೆಯ ಉಪಕರಣದಿಂದ ಅಳೆದರೂ ಉತ್ತರವು ಊರಿನ ನೀರಿನದಾಗುವುದಿಲ್ಲ.

ಸರಿಯಾದ ಕ್ರಮವು ಹೀಗೆ. ಶುಭ್ರವಾದ ಪಾಲಿಥೀನ್ ಬಾಟಲಿಯನ್ನು ತೆಗೆದುಕೊಳ್ಳಬೇಕು. ಫ್ಲೋರೈಡು ಗಾಜಿನೊಡನೆ ವರ್ತಿಸಬಲ್ಲುದಾದುದರಿಂದ ಗಾಜು ಬೇಡ. ಪಂಪನ್ನು ಕೆಲವು ನಿಮಿಷ ಓಡಿಸಿ, ಅದೇ ನೀರಿನಿಂದ ಬಾಟಲಿಯನ್ನು ಎರಡು ಮೂರು ಬಾರಿ ತೊಳೆದು ತುಂಬಬೇಕು. ಊರು, ಬಾವಿ, ದಿನಾಂಕ, ವೇಳೆಗಳನ್ನು ಬರೆದು ಅಂಟಿಸಬೇಕು. ಒಂದೇ ಬಾವಿಯಿಂದ ಎರಡು ಬಾಟಲಿಗಳನ್ನು ತುಂಬಿದರೆ ಇನ್ನೂ ಲೇಸು.

ಪ್ರಯೋಗಶಾಲೆಯಲ್ಲಿಯೂ ವಿಶ್ಲೇಷಕನು ತನ್ನನ್ನು ತಾನು ಪರೀಕ್ಷಿಸಿಕೊಳ್ಳುವನು. ಫ್ಲೋರೈಡಿಲ್ಲದ ಬಟ್ಟಿನೀರನ್ನು ಅಳೆದು ಸೊನ್ನೆ ಬರುವುದೋ ನೋಡುವನು. ಒಂದೇ ನೀರನ್ನು ಎರಡು ಬಾರಿ ಅಳೆದು ಉತ್ತರಗಳು ಹೊಂದುವುವೋ ನೋಡುವನು. ಪರೀಕ್ಷೆಯ ನೀರಿನ ಒಂದು ಪಾಲಿಗೆ ಲೀಟರಿಗೆ 1 ಮಿಲಿಗ್ರಾಮಿನಂತೆ ಫ್ಲೋರೈಡನ್ನು ತಾನೇ ಸೇರಿಸಿ ಅದು ಮರಳಿ ದೊರೆಯುವುದೋ ನೋಡುವನು. 0.95 ದೊರೆತರೆ ಸಮಾಧಾನಪಡಬಹುದು, 0.6 ಮಾತ್ರ ದೊರೆತರೆ ಉಳಿದುದನ್ನು ಯಾವುದೋ ವಸ್ತು ಮರೆಮಾಡುತ್ತಿದೆ ಎಂದು ತಿಳಿದು ಅದನ್ನು ಹುಡುಕಬೇಕು.

ಅಂಕಿ ದೊರೆತ ಮೇಲೆ

ಅಂಕಿಯೊಂದನ್ನು ಪಡೆದಲ್ಲಿಗೆ ಕೆಲಸವು ಮುಗಿಯಲಿಲ್ಲ. ಅದರ ಅರ್ಥವನ್ನು ವಿಚಾರಿಸಬೇಕು. ಫ್ಲೋರೈಡು ಅತ್ಯಲ್ಪ ಪ್ರಮಾಣದಲ್ಲಿ ಹಲ್ಲು ಹುಳುಕಾಗುವುದನ್ನು ತಡೆಯುತ್ತದೆ. ಹೆಚ್ಚಾದರೆ, ಹಲ್ಲಿನ ಹೊಳಪು ರೂಪುಗೊಳ್ಳುವ ಬಾಲ್ಯದಲ್ಲಿ ಅದನ್ನು ಕೆಡಿಸುತ್ತದೆ. ಬಹಳ ಹೆಚ್ಚಾಗಿ, ಬಹಳ ವರ್ಷ ದೇಹವನ್ನು ಸೇರಿದರೆ ಮೂಳೆಗಳನ್ನು ಕೆಡಿಸುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಇರುವ ನೀರನ್ನು ದಿನಕ್ಕೆ 2 ಲೀಟರು ಕುಡಿಯುವವನಿಗೆ ಸೇರುವುದು 3 ಮಿಲಿಗ್ರಾಂ. ಬಳ್ಳಾರಿಯ ಬಿಸಿಲಿನಲ್ಲಿ ಹೊಲದ ಕೆಲಸ ಮಾಡಿ 5 ಲೀಟರು ಕುಡಿಯುವವಳಿಗೆ ಸೇರುವುದು 7.5 ಮಿಲಿಗ್ರಾಂ. ನೀರು ಒಂದೇ, ಅಂಕಿಯೂ ಒಂದೇ. ಆದರೆ ಪರಿಣಾಮವು ಒಂದೇ ಅಲ್ಲ. ಆದುದರಿಂದ ಬಿಸಿಲುಸೀಮೆಯವರು 1.5ರ ಮೇಲೆ ಕಣ್ಣಿಡದೆ 1ರ ಒಳಗಿನ ನೀರನ್ನೇ ಬಯಸುವುದು ವಿವೇಕ.

ಮಿತಿಮೀರಿದ ನೀರಿಗೆ ಪರಿಹಾರಗಳಿಲ್ಲದಿಲ್ಲ. ಶುದ್ಧೀಕರಿಸಿದ ನದಿಯ ನೀರನ್ನು ಹಳ್ಳಿಗಳಿಗೆ ತರುವುದು ಎಲ್ಲಕ್ಕಿಂತ ಮೇಲು. ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯತೊಡಗಿತು. ಅದು ಗದ್ದೆಗೆ ಮಾತ್ರವಲ್ಲದೆ ಮನೆಯ ಕೊಡಕ್ಕೂ ಮುಟ್ಟುವಂತಾಗಬೇಕು. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನ ಸಂಸ್ಥೆಯವರು 1970ರ ದಶಕದಲ್ಲಿ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿಗಳನ್ನು ಬೆರೆಸಿ ಫ್ಲೋರೈಡನ್ನು ಗಸಿಯೊಡನೆ ಇಳಿಸುವರು. ಸಕ್ರಿಯಗೊಳಿಸಿದ ಅಲ್ಯೂಮಿನಾದ ಶೋಧಕಗಳೂ, ವಿಲೋಮ ಪರಾಸರಣದ ಯಂತ್ರಗಳೂ ಇವೆ. ಆದರೆ ಶೋಧಕವು ಸವೆದು ಕೆಲಸ ನಿಲ್ಲಿಸಿದ ದಿನವೂ ಅದರಿಂದ ಬರುವ ನೀರು ಹಿಂದಿನಷ್ಟೇ ತಿಳಿಯಾಗಿರುತ್ತದೆ. ಆದುದರಿಂದ ಶೋಧಿಸಿದ ನೀರನ್ನೂ ಕಾಲಕಾಲಕ್ಕೆ ಅಳೆಯದೆ ವಿಧಿಯಿಲ್ಲ.

2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಡಿಯಲ್ಲಿ ಹಳ್ಳಿಯ ಮಹಿಳೆಯರಿಗೆ ನೀರಿನ ಪರೀಕ್ಷೆಯ ಪೆಟ್ಟಿಗೆಯನ್ನು ಕೊಟ್ಟು ತರಬೇತು ಮಾಡುವ ಏರ್ಪಾಡಿದೆ. ಪೆಟ್ಟಿಗೆಯ ಬಣ್ಣದ ಪರೀಕ್ಷೆಯು ಸಂಶಯವನ್ನು ಎಬ್ಬಿಸಲು ಸಾಕು. ನಿರ್ಣಯಕ್ಕೆ ಪ್ರಯೋಗಶಾಲೆಯೇ ಬೇಕು.

ಕೆಲವು ದಿನಗಳಾದ ಮೇಲೆ ಆ ವಿದ್ಯಾರ್ಥಿಯು ಎರಡು ಪಾಲಿಥೀನ್ ಬಾಟಲಿಗಳನ್ನು ತಂದನು. ಎರಡಕ್ಕೂ ಚೀಟಿ ಅಂಟಿಸಿತ್ತು. ಪಂಪನ್ನು ಎಷ್ಟು ಹೊತ್ತು ಓಡಿಸಿದನೆಂಬುದನ್ನೂ ಬರೆದಿದ್ದನು. ನಾವು ಅವನ್ನು ಪ್ರಯೋಗಶಾಲೆಗೆ ಕಳುಹಿಸಿದೆವು. ಯಾವುದಕ್ಕಾಗಿ ಪರೀಕ್ಷಿಸಬೇಕೆಂದು ಕೋರಿಕೆಯ ಪತ್ರದಲ್ಲಿ ಸ್ಪಷ್ಟವಾಗಿ ಬರೆದೆವು. ಅದರ ಉತ್ತರವನ್ನು ಓದಬೇಕಾದವರು ಆ ಊರಿನವರು. ಆದರೆ ಕಲೆಹಲ್ಲಿಗೆ ಆ ಹುಡುಗಿಯನ್ನು ಬೈಯುವ ಮುನ್ನ ಅವಳು ಕುಡಿಯುವ ನೀರನ್ನು ಅಳೆಯಬೇಕೆಂಬುದು ಅವರ ಮನೆಯವರಿಗೆ ಅಷ್ಟರಲ್ಲಿಯೇ ಮನವರಿಕೆಯಾಗಿತ್ತು. ಇದನ್ನು ಓದುವ ವಿದ್ಯಾರ್ಥಿಗಳಲ್ಲಿ ಯಾರ ಮನೆಗೆ ಕೊಳವೆಬಾವಿಯ ನೀರು ಬರುತ್ತದೆಯೋ ಅವರು ಅದನ್ನು ಒಮ್ಮೆಯಾದರೂ ಫ್ಲೋರೈಡಿಗಾಗಿ ಪರೀಕ್ಷೆ ಮಾಡಿಸಬೇಕೆಂದು ನನ್ನ ಕೋರಿಕೆ.